ಹೊರದೇಶದಲ್ಲಿ ಕೊಂಡ ಸಿನಿಮಾ ಡಿಸ್ಕ್ ಮನೆಯಲ್ಲಿ ಏಕೆ ಪ್ಲೇ ಆಗುವುದಿಲ್ಲ: ಕಾರಣ ಹುಡುಕುವ ಕ್ರಮ ಮತ್ತು ಪರಿಹಾರ

2009ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಅಂದಿನ ಪ್ರಧಾನಿ ಗಾರ್ಡನ್ ಬ್ರೌನ್ ಅವರು ವಾಷಿಂಗ್ಟನ್ನಿಗೆ ಹೋಗಿದ್ದಾಗ, ಅಧ್ಯಕ್ಷ ಬರಾಕ್ ಒಬಾಮ ಅವರು 25 ಅಮೆರಿಕನ್ ಚಲನಚಿತ್ರಗಳ ಡಿವಿಡಿಗಳನ್ನು ಉಡುಗೊರೆಯಾಗಿ ಕೊಟ್ಟರು. ಅವು ಲಂಡನ್ನಿನ ಪ್ಲೇಯರಿನಲ್ಲಿ ಪ್ಲೇ ಆಗಲಿಲ್ಲವೆಂದೂ, ವಲಯ ತಪ್ಪಾಗಿದೆ ಎಂಬ ಸೂಚನೆಯಷ್ಟೇ ಪರದೆಯ ಮೇಲೆ ಬಂದಿತೆಂದೂ ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ಎರಡು ಸರ್ಕಾರಗಳ ಅಧಿಕಾರಿಗಳ ಕಣ್ಣಿಗೆ ಬೀಳದೆ ಹೋದ ಸಂಗತಿ, ನ್ಯೂಜೆರ್ಸಿಯಿಂದಲೋ ಸಿಂಗಪುರದಿಂದಲೋ ಊರಿಗೆ ಬರುವಾಗ ನಾಲ್ಕಾರು ಡಿಸ್ಕ್‌ಗಳನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವವರ ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವೇನೂ ಇಲ್ಲ.

ಇಂತಹ ಡಿಸ್ಕ್ ನಿಂತುಬಿಟ್ಟಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ದೂರುವುದು ಪ್ಲೇಯರನ್ನು. ಅಂಗಡಿಗೆ ಹೋಗಿ ಲೆನ್ಸ್ ಶುಚಿಮಾಡಿಸುತ್ತಾರೆ, ಅದರಿಂದಲೂ ಆಗದಿದ್ದರೆ ಹೊಸ ಪ್ಲೇಯರ್ ಕೊಳ್ಳುತ್ತಾರೆ. ಅದೇ ಊರಿನಲ್ಲಿ ಕೊಂಡ ಹೊಸ ಪ್ಲೇಯರಿನಲ್ಲಿಯೂ ಅದೇ ನಿರ್ಬಂಧವಿರುವುದರಿಂದ ಹಣ ವ್ಯರ್ಥವಾಗುತ್ತದೆ. ವಾಸ್ತವದಲ್ಲಿ ಡಿಸ್ಕ್‌ಗೂ ಪ್ಲೇಯರಿಗೂ ಹೊಂದಾಣಿಕೆ ತಪ್ಪುವುದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾರಣಗಳಿವೆ: ಡಿಸ್ಕಿನ ಬಗೆ, ಅದರಲ್ಲಿ ಬರೆದಿರುವ ವಲಯ ಸಂಕೇತ (ಯಾವ ದೇಶಗಳ ಪ್ಲೇಯರಿನಲ್ಲಿ ಪ್ಲೇ ಆಗಬೇಕೆಂಬ ಗುರುತು), ಮತ್ತು ಚಿತ್ರದ ಪ್ರಸಾರ ಪದ್ಧತಿ (ಟಿವಿಗೆ ಚಿತ್ರವನ್ನು ಕಳುಹಿಸುವ ರೀತಿ). ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಏನನ್ನೂ ಕೊಳ್ಳುವ ಅಥವಾ ಬದಲಾಯಿಸುವ ಮೊದಲು ಇವುಗಳಲ್ಲಿ ಯಾವುದು ನಿಮ್ಮ ತೊಂದರೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಮುಂದಿನ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಕೊಟ್ಟಿದೆ.

ಹೆಜ್ಜೆ 1: ಡಿಸ್ಕ್ ಯಾವ ಬಗೆಯದೆಂದು ನೋಡಿ

ಸಿಡಿ, ಡಿವಿಡಿ, ಬ್ಲೂ-ರೇ ಎಲ್ಲವೂ ಅಳತೆಯಲ್ಲಿ ಒಂದೇ ಆಗಿರುವುದರಿಂದ ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಡಿಸ್ಕಿನ ಮೇಲ್ಮೈಯಲ್ಲಿಯೂ ಡಬ್ಬಿಯ ಬೆನ್ನಿನಲ್ಲಿಯೂ ಅಚ್ಚಾಗಿರುವ ಮುದ್ರೆಯನ್ನು ಓದಿ. ಡಿವಿಡಿ ಪ್ಲೇಯರಿನ ಕೆಂಪು ಲೇಸರ್ 650 ನ್ಯಾನೋಮೀಟರಿನದು, ಬ್ಲೂ-ರೇ ಓದುವ ನೇರಳೆ-ನೀಲಿ ಲೇಸರ್ 405 ನ್ಯಾನೋಮೀಟರಿನದು. ಬ್ಲೂ-ರೇ ಪ್ಲೇಯರಿನಲ್ಲಿ ಎರಡೂ ಲೇಸರ್‌ಗಳಿರುವುದರಿಂದ ಅದು ಡಿವಿಡಿಯನ್ನು ಓದಬಲ್ಲದು, ಡಿವಿಡಿ ಪ್ಲೇಯರ್ ಬ್ಲೂ-ರೇಯನ್ನು ಎಂದಿಗೂ ಓದಲಾರದು. 4ಕೆ ಅಲ್ಟ್ರಾ ಎಚ್‌ಡಿ ಎಂದು ಬರೆದಿರುವ ಕಪ್ಪು ಡಬ್ಬಿಯ ಡಿಸ್ಕ್ ಸಾಮಾನ್ಯ ಬ್ಲೂ-ರೇ ಪ್ಲೇಯರಿನಲ್ಲಿಯೂ ಪ್ಲೇ ಆಗುವುದಿಲ್ಲ, ಅದಕ್ಕೆಂದೇ ಮಾಡಿದ ಪ್ಲೇಯರ್ ಬೇಕು.

ವಿದೇಶದ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಕೊಳ್ಳುವವರು ಇನ್ನೊಂದು ಬಗೆಯ ಬಗ್ಗೆ ಎಚ್ಚರವಾಗಿರಬೇಕು. ಬ್ಲೂ-ರೇಗೆ ಪೈಪೋಟಿಯಾಗಿ ಬಂದು, 2008ರ ಫೆಬ್ರವರಿಯಲ್ಲಿ ತೋಷಿಬಾ ಕಂಪನಿ ಕೈಬಿಟ್ಟ ಎಚ್‌ಡಿ ಡಿವಿಡಿ ಎಂಬ ಡಿಸ್ಕ್‌ಗಳು ಕೆಂಪು ಬಣ್ಣದ ಡಬ್ಬಿಗಳಲ್ಲಿ ಇಂದಿಗೂ ಅಗ್ಗವಾಗಿ ಸಿಗುತ್ತವೆ. ಅವುಗಳಿಗೆ ವಲಯದ ಬೀಗವೇ ಇರಲಿಲ್ಲ. ಆದರೆ ಅವನ್ನು ಓದುವ ಪ್ಲೇಯರ್ ಈಗ ತಯಾರಾಗುತ್ತಿಲ್ಲವಾದ್ದರಿಂದ ಬೀಗವಿಲ್ಲದ ಲಾಭ ಯಾರಿಗೂ ಇಲ್ಲ. ನಮ್ಮಲ್ಲಿ ಬಹುಕಾಲ ಚಲಾವಣೆಯಲ್ಲಿದ್ದ ವಿಸಿಡಿಗೂ ವಲಯ ಸಂಕೇತವಿಲ್ಲ. ವಿಸಿಡಿ ನಿಂತಿದ್ದರೆ ಗೀರು, ಧೂಳು ಅಥವಾ ಆ ಪ್ಲೇಯರಿಗೆ ವಿಸಿಡಿ ಓದುವ ಸೌಕರ್ಯವೇ ಇಲ್ಲದಿರುವುದು ಕಾರಣವಾಗಿರುತ್ತದೆ.

ಹೆಜ್ಜೆ 2: ಲಕ್ಷಣ ಓದಿ

ಡಿಸ್ಕ್ ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಗಮನವಿಟ್ಟು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಡಿಸ್ಕ್ ತಿರುಗಿ, ಕೆಲವು ಕ್ಷಣ ಓದಿಸಿಕೊಂಡು, ವಲಯ ಅಥವಾ ರೀಜನ್ ಎಂಬ ಮಾತಿರುವ ಸೂಚನೆ ಪರದೆಗೆ ಬಂದರೆ ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ: ಪ್ಲೇಯರ್ ಡಿಸ್ಕನ್ನು ಚೆನ್ನಾಗಿಯೇ ಓದಿದೆ, ಓದಿದ ಮೇಲೆ ತೋರಿಸಲು ನಿರಾಕರಿಸಿದೆ. ಧ್ವನಿ ಸರಿಯಾಗಿ ಕೇಳುತ್ತಿದ್ದು, ಚಿತ್ರ ಮಾತ್ರ ಕಪ್ಪುಬಿಳುಪಾಗಿಯೋ ಮೇಲಿಂದ ಕೆಳಗೆ ಉರುಳುತ್ತಲೋ ಬಂದರೆ ತೊಂದರೆ ಇರುವುದು ಪ್ರಸಾರ ಪದ್ಧತಿಯಲ್ಲಿ. ‘ಡಿಸ್ಕ್ ಇಲ್ಲ’ ಅಥವಾ ‘ಡಿಸ್ಕ್ ಓದಲಾಗುತ್ತಿಲ್ಲ’ ಎಂಬ ಸೂಚನೆ ಬಂದರೆ ಬಗೆ ಬೇರೆಯದಾಗಿರಬಹುದು, ಡಿಸ್ಕ್ ಕೆಟ್ಟಿರಬಹುದು, ಅಥವಾ ಕ್ಯಾಮೆರಾದಲ್ಲೋ ಕಂಪ್ಯೂಟರಿನಲ್ಲೋ ಬರೆದ ಡಿಸ್ಕ್ ಆಗಿದ್ದರೆ ಅದನ್ನು ಫೈನಲೈಸ್ ಮಾಡದೆ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಬರವಣಿಗೆಯನ್ನು ಮುಗಿಸುವ ಕೊನೆಯ ಹಂತವನ್ನು ಮಾಡದೆ, ಬಿಟ್ಟಿರಬಹುದು. ಫೈನಲೈಸ್ ಮಾಡದ ಡಿಸ್ಕ್ ಸಾಮಾನ್ಯವಾಗಿ ಅದನ್ನು ಬರೆದ ಯಂತ್ರವೊಂದರಲ್ಲೇ ಪ್ಲೇ ಆಗುತ್ತದೆ.

ಖಾತ್ರಿ ಮಾಡಿಕೊಳ್ಳುವುದಕ್ಕೆ, ಅದೇ ಬಗೆಯ, ಇಲ್ಲಿಯೇ ಕೊಂಡ ಮತ್ತೊಂದು ಡಿಸ್ಕನ್ನು ಹಾಕಿ ನೋಡಿ. ಡಿವಿಡಿಗೆ ಡಿವಿಡಿಯನ್ನೇ, ಬ್ಲೂ-ರೇಗೆ ಬ್ಲೂ-ರೇಯನ್ನೇ ಹಾಕಬೇಕು. ಎರಡು ಬಗೆಗೂ ಬೇರೆ ಬೇರೆ ಲೇಸರ್ ಇರುವುದರಿಂದ ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರುವುದುಂಟು.

ಹೆಜ್ಜೆ 3: ವಲಯ ಸಂಕೇತವನ್ನು ಅರಿಯಿರಿ

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು ಜಪಾನಿನಲ್ಲಿ, 1996ರ ನವೆಂಬರಿನಲ್ಲಿ, ಮರುವರ್ಷ ಅಮೆರಿಕದಲ್ಲಿ. ಆ ಕಾಲದಲ್ಲಿ ಒಂದು ಹಾಲಿವುಡ್ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ಬಿಡುಗಡೆಯಾದ ಎಷ್ಟೋ ತಿಂಗಳ ಮೇಲೆ ಯುರೋಪಿಗೂ ಏಷ್ಯಾಕ್ಕೂ ಬರುತ್ತಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಡಿವಿಡಿ ಹೊರಬಂದು, ಅದೇ ಡಿವಿಡಿ ಬೇರೆ ದೇಶಗಳ ಮನೆಗಳಿಗೆ ತಲುಪಿದರೆ ಅಲ್ಲಿನ ಚಿತ್ರಮಂದಿರದ ಗಳಿಕೆಗೆ ಪೆಟ್ಟು ಬೀಳುತ್ತದೆ ಎಂಬುದು ಸ್ಟುಡಿಯೋಗಳ ಆತಂಕ. ಇದರ ಜೊತೆಗೆ, ಒಂದೊಂದು ದೇಶದ ವಿತರಣಾ ಹಕ್ಕನ್ನು ಒಬ್ಬೊಬ್ಬರಿಗೆ ಮಾರುವ ಪದ್ಧತಿಯಿತ್ತು, ದೇಶದಿಂದ ದೇಶಕ್ಕೆ ಬೆಲೆಯೂ ಬೇರೆಯಾಗಿತ್ತು. ನಮ್ಮಲ್ಲಿ 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ಹೊರಟಿತ್ತು. ಇಂತಹ ಮಾರುಕಟ್ಟೆಗೂ ಅಮೆರಿಕದ ಮಾರುಕಟ್ಟೆಗೂ ನಡುವೆ ಗೋಡೆಯಿರಲಿ ಎಂದು ವ್ಯಾಪಾರಸ್ಥರು ಬಯಸಿದ್ದು ಸಹಜವೇ. ಆ ಗೋಡೆಯೇ ವಲಯ ಸಂಕೇತ. ಈಗ ದೊಡ್ಡ ಚಿತ್ರಗಳು ಬಹುತೇಕ ಒಂದೇ ವಾರದಲ್ಲಿ ಜಗತ್ತಿನಾದ್ಯಂತ ತೆರೆಕಾಣುತ್ತವೆ. ಗೋಡೆ ಕಟ್ಟಿದ ಕಾರಣ ಬಹುಮಟ್ಟಿಗೆ ಹೋಗಿದೆ, ಗೋಡೆ ಮಾತ್ರ ಉಳಿದಿದೆ.

ಡಿವಿಡಿಯ ಲೆಕ್ಕದಲ್ಲಿ ಜಗತ್ತನ್ನು ಆರು ವಲಯಗಳಾಗಿ ಹಂಚಲಾಗಿದೆ. ಅಮೆರಿಕ ಮತ್ತು ಕೆನಡಾ 1ನೇ ವಲಯ. ಪಶ್ಚಿಮ ಯುರೋಪ್, ಬ್ರಿಟನ್, ಜಪಾನ್, ದಕ್ಷಿಣ ಆಫ್ರಿಕಾ ಹಾಗೂ ಕೊಲ್ಲಿ ರಾಷ್ಟ್ರಗಳನ್ನೊಳಗೊಂಡ ಮಧ್ಯಪ್ರಾಚ್ಯ 2ನೇ ವಲಯ. ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್, ದಕ್ಷಿಣ ಕೊರಿಯಾಗಳು 3ರಲ್ಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಲ್ಯಾಟಿನ್ ಅಮೆರಿಕ 4ರಲ್ಲಿ ಬರುತ್ತವೆ. ಭಾರತವಿರುವುದು 5ರಲ್ಲಿ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ, ರಷ್ಯಾ ಹಾಗೂ ಆಫ್ರಿಕಾದ ಬಹುಭಾಗದ ಜೊತೆಯಲ್ಲಿ. ಚೀನಾ ಒಂದೇ 6. ಇವಲ್ಲದೆ 8 ಎಂಬ ಸಂಖ್ಯೆಯನ್ನು ವಿಮಾನ ಮತ್ತು ಹಡಗುಗಳಿಗಾಗಿ ಇಟ್ಟಿದ್ದಾರೆ. ಈ ಹಂಚಿಕೆಯ ವಿಚಿತ್ರವೆಂದರೆ, ಮಾಸ್ಕೋದಲ್ಲಿ ಕೊಂಡ 5ನೇ ವಲಯದ ಡಿಸ್ಕ್ ಮೈಸೂರಿನ ಪ್ಲೇಯರಿನಲ್ಲಿ ಅಡ್ಡಿಯಿಲ್ಲದೆ ಪ್ಲೇ ಆಗುತ್ತದೆ, ಬೆಂಗಳೂರಿನಿಂದ ಕೆಲವೇ ಗಂಟೆಗಳ ವಿಮಾನ ಪ್ರಯಾಣದಷ್ಟು ದೂರದ ಸಿಂಗಪುರದ್ದು ಪ್ಲೇ ಆಗುವುದಿಲ್ಲ.

ಬ್ಲೂ-ರೇ ಬಂದಾಗ ಈ ನಕ್ಷೆಯನ್ನು ಅಳಿಸಿ ಮೂರು ವಲಯಗಳನ್ನಷ್ಟೇ ಉಳಿಸಿಕೊಂಡರು. ಉತ್ತರ ಮತ್ತು ದಕ್ಷಿಣ ಅಮೆರಿಕ, ಜಪಾನ್, ಕೊರಿಯಾ, ತೈವಾನ್ ಮತ್ತು ಆಗ್ನೇಯ ಏಷ್ಯಾ ‘ಎ’ ವಲಯ; ಯುರೋಪಿನ ಬಹುಭಾಗ, ಮಧ್ಯಪ್ರಾಚ್ಯ, ಆಫ್ರಿಕಾ, ಆಸ್ಟ್ರೇಲಿಯಾ ‘ಬಿ’ ವಲಯ; ಭಾರತ, ನೆರೆಯ ದೇಶಗಳು, ಚೀನಾ ಮತ್ತು ರಷ್ಯಾ ‘ಸಿ’ ವಲಯ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಿಗೆ ವಲಯವಿಲ್ಲ, ಎಲ್ಲಿ ಕೊಂಡರೂ ಎಲ್ಲಿಯಾದರೂ ನೋಡಬಹುದು. ಆದರೆ ಒಂದೇ ಡಬ್ಬಿಯಲ್ಲಿ 4ಕೆ ಡಿಸ್ಕಿನ ಜೊತೆ ಸಾಮಾನ್ಯ ಬ್ಲೂ-ರೇಯನ್ನೂ ಇಟ್ಟಿರುತ್ತಾರೆ, ಆ ಎರಡನೆಯ ಡಿಸ್ಕ್‌ಗೆ ಬೀಗವಿರಬಹುದು. ಹೆಚ್ಚುವರಿ ಸಂದರ್ಶನ, ಸಾಕ್ಷ್ಯಚಿತ್ರಗಳು ಹಲವು ಬಾರಿ ಆ ಎರಡನೆಯದರಲ್ಲೇ ಇರುತ್ತವೆ.

ಇನ್ನೊಂದು ಮುಖ್ಯ ಮಾತು: ಡಿಸ್ಕ್ ಒಂದೇ ವಲಯದ್ದಾಗಿರಬೇಕೆಂದೇನೂ ಇಲ್ಲ. ಬ್ರಿಟನ್ ಮತ್ತು ಆಸ್ಟ್ರೇಲಿಯಾ ಎರಡಕ್ಕೂ ಒಂದೇ ಮುದ್ರಣ ಮಾಡಿದ ಎಷ್ಟೋ ಡಿವಿಡಿಗಳ ಮೇಲೆ 2 ಮತ್ತು 4 ಎರಡೂ ಸಂಖ್ಯೆಗಳಿವೆ. ಎಲ್ಲ ವಲಯಗಳಿಗೂ ಒಪ್ಪಿಗೆ ಕೊಟ್ಟ ಡಿಸ್ಕ್‌ಗಳೂ ಸಾಕಷ್ಟಿವೆ, ‘ಆಲ್’ ಎಂದು ಅಥವಾ 0 ಎಂದು ಅವನ್ನು ಗುರುತಿಸುತ್ತಾರೆ. ಭಾರತೀಯ ಚಿತ್ರಗಳ ಡಿವಿಡಿಗಳಲ್ಲಿ ಅನೇಕವು ಹೀಗೆ ಬೀಗವಿಲ್ಲದೆ ಬಂದವು. ಹೊರದೇಶಗಳಲ್ಲಿರುವ ನಮ್ಮವರೂ ಅವುಗಳ ಗ್ರಾಹಕರು ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಹೆಜ್ಜೆ 4: ಡಬ್ಬಿಯ ಬೆನ್ನನ್ನು ಪರಿಶೀಲಿಸಿ

ಡಿವಿಡಿಯ ಡಬ್ಬಿಯಲ್ಲಿ ಸಣ್ಣ ಭೂಗೋಳದ ಚಿತ್ರ, ಅದರೊಳಗೆ ಒಂದು ಸಂಖ್ಯೆ ಇರುತ್ತದೆ. ಬ್ಲೂ-ರೇಯಲ್ಲಿ ಸಂಖ್ಯೆಯ ಬದಲು ಎ, ಬಿ ಅಥವಾ ಸಿ ಅಕ್ಷರವಿರುವ ಗುರುತು. ಆದರೆ ಗುರುತು ಕಾಣದಿದ್ದರೆ ಬೀಗವಿಲ್ಲ ಎಂದು ತಿಳಿಯಬೇಡಿ. ಮುದ್ರಿಸುವುದರಲ್ಲಿ ಪ್ರಕಾಶಕರು ಒಂದೇ ಶಿಸ್ತನ್ನು ಪಾಲಿಸಿಲ್ಲ. ಅಂತಹ ಸಂದರ್ಭದಲ್ಲಿ ಸೆನ್ಸಾರ್ ಗುರುತು ಸಹಾಯಕ್ಕೆ ಬರುತ್ತದೆ. ಪಿಜಿ-13 ಅಥವಾ ಆರ್ ಎಂದಿದ್ದರೆ ಅದು ಅಮೆರಿಕಕ್ಕಾಗಿ ಮಾಡಿದ ಡಿಸ್ಕ್. ಬಣ್ಣದ ವೃತ್ತದೊಳಗೆ 12, 15, 18 ಎಂದು ಇದ್ದರೆ ಬ್ರಿಟನ್ನಿನದು. ಮುಖಪುಟದ ಮೇಲೆ ಎದ್ದುಕಾಣುವ ಬಣ್ಣದ ಚೌಕದಲ್ಲಿ ಎಫ್‌ಎಸ್‌ಕೆ ಎಂದಿದ್ದರೆ ಜರ್ಮನಿಯದು. ಕೊಂಡ ಊರಿಗಿಂತ ಡಿಸ್ಕನ್ನು ಯಾವ ದೇಶಕ್ಕಾಗಿ ಮಾಡಿದ್ದಾರೆ ಎಂಬುದೇ ಇಲ್ಲಿ ಮುಖ್ಯ. ಸೆಕೆಂಡ್‌ಹ್ಯಾಂಡ್ ಅಂಗಡಿಯ ಡಿಸ್ಕ್ ಎಲ್ಲಿಂದ ಬೇಕಾದರೂ ಅಲ್ಲಿಗೆ ಬಂದಿರಬಹುದು.

ಪ್ಲೇಯರಿನ ಮೈಯನ್ನೂ ತಿರುಗಿಸಿ ನೋಡಿ; ಹಿಂಬದಿಯ ಚೀಟಿಯಲ್ಲಿ ಅದರ ವಲಯ ಅಚ್ಚಾಗಿರುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು, ಏಕೆಂದರೆ ಅಲ್ಲಿ ದುಬೈ ಅಥವಾ ದಮ್ಮಾಮಿನಿಂದ ಬಂದ ಪ್ಲೇಯರುಗಳು ಕಡಿಮೆಯಲ್ಲ. ಅವು 2ನೇ ವಲಯದವು. ಆ ಮನೆಯಲ್ಲಿ ಬೆಂಗಳೂರಿನಲ್ಲಿ ಕೊಂಡ 5ನೇ ವಲಯದ ಹಾಲಿವುಡ್ ಡಿಸ್ಕ್ ನಿಂತುಹೋದರೆ ಪರದೇಶಿ ಯಾರು ಎಂಬುದೇ ತಲೆಕೆಳಗಾಗಿರುತ್ತದೆ: ಡಿಸ್ಕ್ ಇಲ್ಲಿಯದು, ಯಂತ್ರ ಹೊರಗಿನದು.

ಹೆಜ್ಜೆ 5: ಪ್ರಸಾರ ಪದ್ಧತಿಯ ತೊಡಕನ್ನು ಬಿಡಿಸಿ

ವಲಯ ಸಂಕೇತ ವ್ಯಾಪಾರಸ್ಥರು ಬೇಕೆಂದೇ ಹಾಕಿದ ಬೀಗ. ಪ್ರಸಾರ ಪದ್ಧತಿಯ ಭೇದ ಹಾಗಲ್ಲ, ಅದು ದೂರದರ್ಶನದ ಇತಿಹಾಸದಿಂದ ಬಂದದ್ದು. ಅಮೆರಿಕ, ಕೆನಡಾ, ಜಪಾನ್, ಕೊರಿಯಾಗಳಲ್ಲಿ ಎನ್‌ಟಿಎಸ್‌ಸಿ ಪದ್ಧತಿ; ಭಾರತ, ಬ್ರಿಟನ್, ಕೊಲ್ಲಿ ರಾಷ್ಟ್ರಗಳು, ಸಿಂಗಪುರ, ಆಸ್ಟ್ರೇಲಿಯಾಗಳಲ್ಲಿ ಪಾಲ್ ಪದ್ಧತಿ. ಎನ್‌ಟಿಎಸ್‌ಸಿ ಡಿವಿಡಿಯಲ್ಲಿ ಚಿತ್ರ 480 ಗೆರೆಗಳದು, ಸೆಕೆಂಡಿಗೆ ಹೆಚ್ಚುಕಡಿಮೆ 30 ಚೌಕಟ್ಟುಗಳು (ಫ್ರೇಮ್‌ಗಳು). ಪಾಲ್ ಡಿವಿಡಿಯಲ್ಲಿ 576 ಗೆರೆಗಳು, ಸೆಕೆಂಡಿಗೆ 25 ಚೌಕಟ್ಟುಗಳು. ವಲಯಕ್ಕೂ ಪದ್ಧತಿಗೂ ನೇರ ನಂಟಿಲ್ಲ: ಜಪಾನ್ ಮತ್ತು ಬ್ರಿಟನ್ ಎರಡೂ 2ನೇ ವಲಯದಲ್ಲಿದ್ದರೂ ಮೊದಲನೆಯದು ಎನ್‌ಟಿಎಸ್‌ಸಿ, ಎರಡನೆಯದು ಪಾಲ್. ಹೀಗಾಗಿ ‘ಎಲ್ಲ ವಲಯ’ ಎಂದು ಬರೆದಿರುವ ಡಿಸ್ಕ್ ಕೂಡ ಪದ್ಧತಿಯ ಕಾರಣದಿಂದ ನಿಲ್ಲಬಹುದು.

ಭಾರತದಲ್ಲಿರುವವರಿಗೆ ಇದು ದೊಡ್ಡ ತೊಂದರೆಯಲ್ಲ. ಇಲ್ಲಿ ಮಾರಾಟವಾದ ಡಿವಿಡಿ ಪ್ಲೇಯರುಗಳು ಬಹುತೇಕ ಎರಡೂ ಪದ್ಧತಿಗಳನ್ನು ಓದುತ್ತವೆ, ಎಚ್‌ಡಿಎಂಐ ಇರುವ ಟಿವಿಗಳು ಪಾಲ್‌ನ 50 ಹರ್ಟ್ಸ್ ಮತ್ತು ಎನ್‌ಟಿಎಸ್‌ಸಿಯ 60 ಹರ್ಟ್ಸ್ ಎರಡನ್ನೂ ಸ್ವೀಕರಿಸುತ್ತವೆ. ಪ್ಲೇಯರಿನ ಸೆಟಪ್ ಮೆನುವಿನಲ್ಲಿ ಟಿವಿ ಸಿಸ್ಟಮ್ ಎಂಬಲ್ಲಿಗೆ ಹೋಗಿ ‘ಆಟೋ’ ಅಥವಾ ‘ಮಲ್ಟಿ’ ಆರಿಸಿಕೊಂಡರೆ ಸಾಕು. ಪಾಲ್ ಎಂದು ಗಟ್ಟಿ ಮಾಡಿಟ್ಟಿದ್ದರೆ ಪ್ಲೇಯರ್ ತಾನೇ ಪರಿವರ್ತನೆ ಮಾಡಲು ಹೊರಟು, ಚಲನೆ ತಡೆತಡೆದು ಕಾಣುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಾದರೆ ಎನ್‌ಟಿಎಸ್‌ಸಿಗೆ ಬದಲಾಯಿಸಿದೊಡನೆ ಮೆನುವೇ ಕಾಣದಂತಾಗುವ ಅಪಾಯವಿದೆ. ಅದಕ್ಕಾಗಿ ಅನೇಕ ರಿಮೋಟ್‌ಗಳಲ್ಲಿ ‘ಪಿ/ಎನ್’ ಎಂಬ ಪ್ರತ್ಯೇಕ ಗುಂಡಿಯಿರುತ್ತದೆ, ಅದನ್ನು ಒತ್ತುತ್ತಾ ಹೋದರೆ ಚಿತ್ರ ಮರಳುತ್ತದೆ.

ಅಮೆರಿಕದಲ್ಲಿರುವವರ ಪಾಡು ಇದಕ್ಕೆ ವಿರುದ್ಧ. ಅಲ್ಲಿನ ಅನೇಕ ಡಿವಿಡಿ ಪ್ಲೇಯರುಗಳು ಪಾಲ್ ಡಿಸ್ಕನ್ನು ಕಂಡೊಡನೆ ಕೈಚೆಲ್ಲುತ್ತವೆ, ಟಿವಿಗಳಲ್ಲಿಯೂ ಎಷ್ಟೋ 50 ಹರ್ಟ್ಸ್ ಸಂಕೇತವನ್ನು ಒಪ್ಪುವುದಿಲ್ಲ. ಬ್ಲೂ-ರೇಗಳಲ್ಲಿ ಈ ಭೇದ ಹೆಚ್ಚುಪಾಲು ಅಳಿಸಿಹೋಗಿದೆ, ಏಕೆಂದರೆ ಚಲನಚಿತ್ರಗಳನ್ನು ಎಲ್ಲೆಡೆಯೂ ಸೆಕೆಂಡಿಗೆ 24 ಚೌಕಟ್ಟುಗಳಲ್ಲೇ ಬರೆಯುತ್ತಾರೆ. ಆದರೂ ಬ್ರಿಟನ್ನಿನ ಟಿವಿ ಧಾರಾವಾಹಿಗಳು ಮತ್ತು ಹೆಚ್ಚುವರಿ ತುಣುಕುಗಳು 50 ಹರ್ಟ್ಸಿನಲ್ಲಿ ಇರುವುದುಂಟು.

ಇಲ್ಲೊಂದು ಪಕ್ಕದ ಮಾತು. 24 ಚೌಕಟ್ಟುಗಳ ಚಿತ್ರವನ್ನು ಪಾಲ್ ಡಿವಿಡಿಗೆ ಹಾಕುವಾಗ ಅದನ್ನು 25ರ ವೇಗದಲ್ಲಿ ಓಡಿಸುತ್ತಾರೆ. 120 ನಿಮಿಷದ ಚಿತ್ರ ಸುಮಾರು 115 ನಿಮಿಷಕ್ಕೆ ಮುಗಿಯುತ್ತದೆ. ಒಂದೇ ಚಿತ್ರದ ಅಮೆರಿಕದ ಡಬ್ಬಿ ಮತ್ತು ಬ್ರಿಟನ್ನಿನ ಡಬ್ಬಿಯಲ್ಲಿ ಅವಧಿ ಬೇರೆ ಬೇರೆ ಕಂಡರೆ ಸೆನ್ಸಾರಿನವರು ಕತ್ತರಿಸಿದ್ದಾರೆಂದು ಕೂಡಲೇ ತೀರ್ಮಾನಿಸಬೇಕಾಗಿಲ್ಲ. ಸಂಗೀತದಲ್ಲಿ ಕಿವಿ ಪಳಗಿದವರಿಗೆ ಹಾಡುಗಳ ಶ್ರುತಿ ಒಂದಿಷ್ಟು ಏರಿರುವುದು ತಿಳಿಯಬಹುದು.

ಹೆಜ್ಜೆ 6: ವಲಯದ ಬೀಗಕ್ಕೆ ದಾರಿ ಹುಡುಕಿ

ತೊಂದರೆ ವಲಯದ್ದೇ ಎಂದು ಖಚಿತವಾದ ಮೇಲೆ, ಮೊದಲು ಮನೆಯಲ್ಲಿರುವ ಪ್ಲೇಯರಿನಿಂದಲೇ ಆಗುತ್ತದೆಯೇ ನೋಡಬೇಕು. ಕಡಿಮೆ ಬೆಲೆಗೆ ಮಾರಾಟವಾದ ಅನೇಕ ಡಿವಿಡಿ ಪ್ಲೇಯರುಗಳಲ್ಲಿ, ಡಿಸ್ಕ್ ಇಲ್ಲದ ಸ್ಥಿತಿಯಲ್ಲಿ ರಿಮೋಟಿನಲ್ಲಿ ಕೆಲವು ಅಂಕಿಗಳನ್ನು ಒತ್ತಿದರೆ ಒಳಮೆನುವೊಂದು ತೆರೆದುಕೊಳ್ಳುತ್ತದೆ, ಅಲ್ಲಿ ವಲಯವನ್ನು 0ಗೆ ಬದಲಾಯಿಸಬಹುದು. ಆ ಅಂಕಿಗಳು ಒಂದೊಂದು ಮಾದರಿಗೂ ಬೇರೆಯಾಗಿರುವುದರಿಂದ, ಪ್ಲೇಯರಿನ ಹಿಂಬದಿಯ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಅಂತರ್ಜಾಲದಲ್ಲಿ ಹುಡುಕಬೇಕು. ಬೇರೆ ಮಾದರಿಯ ಅಂಕಿಗಳನ್ನು ಒತ್ತಿ ಪ್ರಯೋಗ ಮಾಡುವುದು ಬೇಡ.

ವಲಯ 0 ಎಂದು ಮಾಡಿದ ಮೇಲೂ ಅಮೆರಿಕದ ಕೆಲವು ಡಿವಿಡಿಗಳು, 2000ದ ಸುಮಾರಿನಿಂದ ಬಂದವು, ‘ಈ ಪ್ಲೇಯರಿನಲ್ಲಿ ಆಗದು’ ಎಂಬ ಸೂಚನೆಯನ್ನೇ ತೋರಿಸುತ್ತವೆ. ಆರ್‌ಸಿಇ ಎಂಬ ಹೆಚ್ಚುವರಿ ತಪಾಸಣೆ ಅವುಗಳಲ್ಲಿದೆ. ಎಲ್ಲ ವಲಯಕ್ಕೂ ಹೂಂ ಎನ್ನುವ ಪ್ಲೇಯರನ್ನು ಅದು ಪತ್ತೆಮಾಡುತ್ತದೆ. ಅದಕ್ಕೆ ಮದ್ದು ಸುಲಭ: ಅದೇ ಒಳಮೆನುವಿನಲ್ಲಿ 0ಯ ಬದಲು 1 ಎಂದೇ ಇಡಿ.

ಹೊಸದಾಗಿ ಕೊಳ್ಳುವುದಾದರೆ ‘ಮಲ್ಟಿ ರೀಜನ್’ ಎಂಬ ಮಾತನ್ನು ಅರ್ಧ ಮಾತ್ರ ನಂಬಬೇಕು. ಬ್ಲೂ-ರೇ ಪ್ಲೇಯರ್ ಒಂದರಲ್ಲಿ ಡಿವಿಡಿಯ ವಲಯವೂ ಬ್ಲೂ-ರೇಯ ವಲಯವೂ ಪ್ರತ್ಯೇಕವಾಗಿ ಕುಳಿತಿರುತ್ತವೆ. ರಿಮೋಟಿನ ಅಂಕಿಗಳಿಂದ ತೆರೆಯುವುದು ಬಹುತೇಕ ಡಿವಿಡಿಯ ಬೀಗ ಮಾತ್ರ. ಬ್ಲೂ-ರೇಯ ಬೀಗ ತೆರೆಯಲು ಹಲವು ಮಾದರಿಗಳಲ್ಲಿ ಒಳಗಿನ ಯಂತ್ರಾಂಶವನ್ನೇ ಮಾರ್ಪಡಿಸಬೇಕು. ಆದ್ದರಿಂದ ಮಾರುವವರನ್ನು ‘ಬ್ಲೂ-ರೇಯಲ್ಲಿ ಎ, ಬಿ, ಸಿ ಮೂರೂ, ಡಿವಿಡಿಯಲ್ಲಿ 1ರಿಂದ 6ರವರೆಗೆ ಎಲ್ಲವೂ ಪ್ಲೇ ಆಗುತ್ತವೆಯೇ’ ಎಂದು ಬಿಡಿಸಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮಾರ್ಪಡಿಸಿದ ಪ್ಲೇಯರಿಗೆ ತಯಾರಕರ ವಾರಂಟಿ ಸಿಗದಿರಬಹುದು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದಾಗ ಮಾರ್ಪಾಡು ಅಳಿಸಿಹೋಗುವುದೂ ಉಂಟು. ಒಪ್ಪೋ 2018ರಲ್ಲಿಯೂ ಸ್ಯಾಮ್‌ಸಂಗ್ 2019ರಲ್ಲಿಯೂ ಈ ಕ್ಷೇತ್ರದಿಂದ ಹೊರನಡೆದಿರುವುದರಿಂದ ಆಯ್ಕೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಪ್ಲೇಯರನ್ನು ಅಮೆರಿಕದಿಂದಲೇ ತರಿಸಿಕೊಳ್ಳುವ ಯೋಚನೆ ಕೆಲವರಿಗೆ ಬರುತ್ತದೆ, ಅದು ಕೆಟ್ಟ ಯೋಚನೆಯೇನಲ್ಲ. ಅಮೆರಿಕದ ಡಿಸ್ಕ್‌ಗೆ ಅಮೆರಿಕದ ಪ್ಲೇಯರ್ ಇದ್ದರೆ ವಲಯದ ಪ್ರಶ್ನೆಯೇ ಏಳುವುದಿಲ್ಲ. ಆದರೆ ಅಲ್ಲಿ ಮನೆಯ ವಿದ್ಯುತ್ 120 ವೋಲ್ಟ್, ಇಲ್ಲಿ 230. ಪ್ಲೇಯರಿನ ಹಿಂಬದಿಯಲ್ಲಿ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿದ್ದರೆ ಪ್ಲಗ್ ಬದಲಾಯಿಸಿ ಹಾಕಬಹುದು. ಬರೀ 120 ಎಂದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಕ್ಷಣವೇ ಸುಟ್ಟುಹೋಗುತ್ತದೆ.

ಆಟದ ಕನ್ಸೋಲ್ ಇದ್ದವರಿಗೆ ಒಂದು ಎಚ್ಚರಿಕೆ. ಪ್ಲೇಸ್ಟೇಷನ್ 4 ಮತ್ತು 5ರಲ್ಲಿ ಆಟದ ಡಿಸ್ಕ್‌ಗಳಿಗೆ ವಲಯದ ಬೀಗವಿಲ್ಲ, ಆದರೆ ಚಲನಚಿತ್ರದ ಡಿವಿಡಿ ಮತ್ತು ಬ್ಲೂ-ರೇಗಳಿಗೆ ಇದೆ. ಕನ್ಸೋಲನ್ನು ಯಾವ ದೇಶದ ಮಾರುಕಟ್ಟೆಗಾಗಿ ಮಾಡಿದ್ದಾರೋ ಅದರ ವಲಯವೇ ಕೊನೆಯವರೆಗೆ. 4ಕೆ ಡಿಸ್ಕ್‌ಗಳನ್ನು ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಓದುತ್ತದೆ, ಪ್ಲೇಸ್ಟೇಷನ್ 4 ಪ್ರೊ ಓದುವುದಿಲ್ಲ.

ಹೆಜ್ಜೆ 7: ಕಂಪ್ಯೂಟರಿನಲ್ಲಿ ನೋಡುವುದಾದರೆ

ಕಂಪ್ಯೂಟರಿನಲ್ಲಿ ತಪ್ಪು ಮಾಡಿದರೆ ತಿದ್ದಿಕೊಳ್ಳಲಾಗದ ಘಟ್ಟವೊಂದಿದೆ, ಅದಕ್ಕಾಗಿ ಇಲ್ಲಿ ನಿಧಾನವಾಗಿ ಹೋಗಬೇಕು. 2000ದ ಜನವರಿ 1ರಿಂದ ಈಚೆಗೆ ತಯಾರಾದ ಡಿವಿಡಿ ಡ್ರೈವ್‌ಗಳಲ್ಲಿ ವಲಯವನ್ನು ಡ್ರೈವೇ ನೆನಪಿಟ್ಟುಕೊಳ್ಳುತ್ತದೆ. ಬಳಕೆದಾರರು ಅದನ್ನು ಐದು ಸಲ ಮಾತ್ರ ಬದಲಾಯಿಸಬಹುದು. ಐದನೆಯ ಸಲ ಯಾವುದನ್ನು ಇಟ್ಟಿರೋ ಅದೇ ಶಾಶ್ವತ. ಲೆಕ್ಕ ಡ್ರೈವಿನೊಳಗೇ ಇರುವುದರಿಂದ ವಿಂಡೋಸ್ ಅನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೂ, ಡ್ರೈವನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಅದು ಮೊದಲಿನಿಂದ ಶುರುವಾಗುವುದಿಲ್ಲ.

ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಡಿವಿಡಿ ಡ್ರೈವಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ಒಳಗೆ ಡಿವಿಡಿ ರೀಜನ್ ಎಂಬ ಪುಟವನ್ನು ನೋಡಿ. ಈಗಿನ ವಲಯ ಯಾವುದು, ಎಷ್ಟು ಬದಲಾವಣೆಗಳು ಬಾಕಿಯಿವೆ ಎಂಬುದು ಅಲ್ಲಿ ಕಾಣುತ್ತದೆ. ಮ್ಯಾಕ್‌ನಲ್ಲಾದರೆ ಬೇರೆ ವಲಯದ ಡಿಸ್ಕ್ ಹಾಕಿದಾಗ ಬದಲಾಯಿಸಬೇಕೇ ಎಂದು ಅದೇ ಕೇಳುತ್ತದೆ, ಓದದೆ ‘ಓಕೆ’ ಒತ್ತುವ ಅಭ್ಯಾಸವಿರುವವರು ಅಲ್ಲಿಯೇ ಒಂದೆರಡು ಅವಕಾಶಗಳನ್ನು ಕಳೆದುಕೊಂಡಿರುತ್ತಾರೆ. ನನ್ನ ಸಲಹೆ ಸರಳ: ಒಂದು ಡ್ರೈವಿನ ವಲಯವನ್ನು ಹಿಂದೆಮುಂದೆ ಎಳೆದಾಡುವ ಬದಲು ಯುಎಸ್‌ಬಿಗೆ ಸಿಕ್ಕಿಸುವ ಇನ್ನೊಂದು ಡಿವಿಡಿ ಡ್ರೈವ್ ಕೊಂಡು, ಅದನ್ನು 1ನೇ ವಲಯಕ್ಕೆ ಇಟ್ಟುಬಿಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಂತಹ ಜಾಗಗಳಲ್ಲಿ ಇವು ಹೊಸ ಪ್ಲೇಯರಿಗಿಂತ ಬಹಳ ಅಗ್ಗವಾಗಿ ದೊರೆಯುತ್ತವೆ.

ವಿಂಡೋಸ್ 8ರಿಂದ ಈಚೆಗೆ ಡಿವಿಡಿ ತೋರಿಸುವ ಸೌಕರ್ಯ ವಿಂಡೋಸ್‌ನೊಳಗೆ ಇಲ್ಲವಾದ್ದರಿಂದ ವಿಎಲ್‌ಸಿಯಂತಹ ಪ್ಲೇಯರನ್ನು ಹಾಕಿಕೊಳ್ಳಬೇಕು. ವಿಎಲ್‌ಸಿ ತಾನಾಗಿ ವಲಯವನ್ನು ವಿಚಾರಿಸುವುದಿಲ್ಲ, ಆದರೂ ಕೆಲವು ಡ್ರೈವ್‌ಗಳು ಬೇರೆ ವಲಯದ ಡಿಸ್ಕನ್ನು ತಾವೇ ತಡೆಯುತ್ತವೆ. ಬ್ಲೂ-ರೇಯಲ್ಲಿ ವ್ಯವಸ್ಥೆ ಬೇರೆ: ಅಲ್ಲಿ ವಲಯವನ್ನು ನೋಡುವುದು ಡ್ರೈವ್ ಅಲ್ಲ, ಹಣ ಕೊಟ್ಟು ಕೊಳ್ಳುವ ಪ್ಲೇಯರ್ ಸಾಫ್ಟ್‌ವೇರ್. ಅದರಲ್ಲಿಯೂ ಬದಲಾವಣೆಗೆ ಮಿತಿಯಿದೆ. 4ಕೆ ಡಿಸ್ಕನ್ನು ಅಧಿಕೃತ ಸಾಫ್ಟ್‌ವೇರಿನಲ್ಲಿ ನೋಡಲು ಇಂಟೆಲ್ ಪ್ರೊಸೆಸರಿನ ಎಸ್‌ಜಿಎಕ್ಸ್ ಎಂಬ ಸೌಲಭ್ಯ ಬೇಕು, 11ನೇ ತಲೆಮಾರಿನಿಂದ ಅದನ್ನು ತೆಗೆದುಹಾಕಿದ್ದಾರೆ. ಆದ್ದರಿಂದ ಹೊಸ ಕಂಪ್ಯೂಟರ್ ಕೊಂಡವರು 4ಕೆಗಾಗಿ ಪ್ರತ್ಯೇಕ ಪ್ಲೇಯರ್ ಇಟ್ಟುಕೊಳ್ಳುವುದೇ ಲೇಸು.

ಕಾನೂನಿನ ಮಾತು

ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಮು ಸೇರಿತು. ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು ಎನ್ನುತ್ತದೆ ಅದು. ಉದ್ದೇಶ ಎಂಬ ಮಾತು ಅಲ್ಲಿ ಮುಖ್ಯ: ದುಡ್ಡು ಕೊಟ್ಟು ಕೊಂಡ ಅಸಲಿ ಡಿಸ್ಕನ್ನು ಮನೆಯಲ್ಲಿ ನೋಡುವುದಕ್ಕೂ, ಅದರ ಪ್ರತಿ ತೆಗೆದು ಹಂಚುವುದಕ್ಕೂ ವ್ಯತ್ಯಾಸವಿದೆ. ಅಮೆರಿಕದ 1998ರ ಕಾನೂನು ಇದಕ್ಕಿಂತ ಬಿಗಿಯಾದದ್ದು. ಆಸ್ಟ್ರೇಲಿಯಾ ಮಾತ್ರ ಮಾರುಕಟ್ಟೆಯನ್ನು ಭೂಪ್ರದೇಶವಾರು ಹಂಚುವ ಬೀಗಗಳನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಿದೆ. ಅದು ಗ್ರಾಹಕರ ಪರವಾದ, ನ್ಯಾಯವಾದ ನಿಲುವು ಎಂದೇ ನನಗೆ ತೋರುತ್ತದೆ. ಇದರ ಅಗತ್ಯ ನಮ್ಮ ಚಿತ್ರಪ್ರೇಮಿಗಳಿಗೆ ಚೆನ್ನಾಗಿ ಗೊತ್ತು: ಸತ್ಯಜಿತ್ ರಾಯ್ ಅವರ ಚಿತ್ರಗಳ ಪುನರುಜ್ಜೀವಿತ ಪ್ರತಿಗಳನ್ನು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ‘ಎ’ ವಲಯಕ್ಕೆ ಬೀಗ ಹಾಕಿ ಹೊರತಂದಿದ್ದರಿಂದ, ಭಾರತದ್ದೇ ಚಿತ್ರದ ಬ್ಲೂ-ರೇ ಭಾರತದ ಪ್ಲೇಯರಿನಲ್ಲಿ ಪ್ಲೇ ಆಗದಂತಾಗಿದೆ.

ಇಲ್ಲಿಂದ ಅಲ್ಲಿಗೆ ಕಳುಹಿಸುವಾಗ

ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೋವನ್ನು ಡಿವಿಡಿಯಲ್ಲಿ ಹಾಕಿಸಿ ಅಮೆರಿಕದಲ್ಲಿರುವ ಮಗಳಿಗೋ ಅಣ್ಣನಿಗೋ ಕಳುಹಿಸುವವರು ಸ್ಟುಡಿಯೋದವರಿಗೆ ಮೊದಲೇ ಹೇಳಬೇಕಾದದ್ದು ಎರಡು. ಡಿಸ್ಕನ್ನು ಎನ್‌ಟಿಎಸ್‌ಸಿಯಲ್ಲಿ ತಯಾರಿಸಬೇಕು, ಏಕೆಂದರೆ ಹೇಳದೆ ಬಿಟ್ಟರೆ ಇಲ್ಲಿ ರೂಢಿಯಂತೆ ಪಾಲ್‌ನಲ್ಲಿಯೇ ಮಾಡುತ್ತಾರೆ. ಮತ್ತು ಕೊಡುವ ಮುನ್ನ ಅದನ್ನು ಫೈನಲೈಸ್ ಮಾಡಿರಬೇಕು. ಮನೆಯಲ್ಲಿ ಬರೆದ ಡಿಸ್ಕಿಗೆ ವಲಯದ ಬೀಗವಿರುವುದಿಲ್ಲವಾದ್ದರಿಂದ ಆ ಚಿಂತೆ ಬೇಡ. ಬ್ರಿಟನ್, ಆಸ್ಟ್ರೇಲಿಯಾ, ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸುವುದಾದರೆ ಪಾಲ್ ಸಾಕು. ಎರಡೂ ಕಡೆ ಬಂಧುಗಳಿರುವ ಮನೆಯವರು ಡಿಸ್ಕಿನ ಜೊತೆಗೆ ಅದೇ ವಿಡಿಯೋವನ್ನು ಎಂಪಿ4 ಕಡತವಾಗಿ ಒಂದು ಪೆನ್ ಡ್ರೈವಿನಲ್ಲಿಯೂ ಕೇಳಿ ಪಡೆಯಲಿ. ಆ ಕಡತವನ್ನು 50 ಹರ್ಟ್ಸ್ ಒಪ್ಪದ ಟಿವಿ ಇರುವ ಮನೆಯಲ್ಲಿಯೂ ಲ್ಯಾಪ್‌ಟಾಪಿನ ಪರದೆಯ ಮೇಲೆ ಅಡ್ಡಿಯಿಲ್ಲದೆ ನೋಡಬಹುದು.